ಒಂದು ಹನಿಯೂ ಇಳಿಯದ ಹುಲ್ಲುಕಟ್ಟು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಕಟ್ಟಡದವರು ಹೇಳುತ್ತಾರೆ. ಅದು ಸುಳ್ಳು. ಮೂಗಿನ ತುದಿಯಲ್ಲಿ ಕೂಡುವಷ್ಟು ಪುರುಸೊತ್ತು ನನ್ನ ಸಿಟ್ಟಿಗಿಲ್ಲ, ನೇರ ನಾಲಿಗೆಗೆ ಬಂದುಬಿಡುತ್ತದೆ. ಹಾಗೆ ಬಂದದ್ದರಿಂದಲೇ ಎರಡು ವರ್ಷದ ಹಿಂದೆ ನಾನು ಒಂದು ಕೊಳವನ್ನು ತಲೆಯ ಮೇಲೆ ಹೊತ್ತುಕೊಂಡೆ.

ನಮ್ಮದು ಡೊಂಬಿವಲಿ ಪೂರ್ವದ ಏಳು ಮಾಳಿಗೆಯ ಸೊಸೈಟಿ. ಗೇಟಿನೊಳಗೆ ಬಂದ ಕೂಡಲೇ ಎಡಕ್ಕೆ ಆ ಕೊಳ. ದೊಡ್ಡದೇನಲ್ಲ, ನಾಲ್ಕು ಎಮ್ಮೆ ಮಲಗಿದರೆ ಐದನೆಯದಕ್ಕೆ ಜಾಗವಿಲ್ಲ. ಬಿಲ್ಡರ್ ಫ್ಲ್ಯಾಟ್ ಮಾರುವಾಗ ಕೊಟ್ಟ ಬಣ್ಣದ ಕಾಗದದಲ್ಲಿ ಮಾತ್ರ ಅದನ್ನು ‘ಕಮಲ ಸರೋವರ’ ಎಂದು ಕರೆದಿದ್ದ. ಕಮಲ ಇದ್ದದ್ದು ಕೊಳದ ತಳದಲ್ಲಿ, ನೀಲಿ ಟೈಲ್ಸಿನಲ್ಲಿ. ಮೊದಲ ವರ್ಷ ಅದು ಕಾಣುತ್ತಿತ್ತು. ಆಮೇಲೆ ಕಾರಂಜಿ ಕೆಟ್ಟಿತು, ನೀರು ಹಸಿರಾಯಿತು, ಕಮಲ ಮುಚ್ಚಿಹೋಯಿತು. ಎಲ್ಲರೂ ಅತ್ತ ನೋಡುವುದನ್ನೇ ಬಿಟ್ಟರು, ನಮ್ಮ ಯಜಮಾನರು ನಿವೃತ್ತರಾಗುವ ತನಕ.

ಯಜಮಾನರು ಮೂವತ್ತೊಂದು ವರ್ಷ ಮಹಾಪೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದವರು. ಬೆಳಿಗ್ಗೆ ಶಿಳ್‌ಫಾಟಾ ದಾಟುವ ಬಸ್ಸು ಹಿಡಿದರೆ ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತು. ಇಷ್ಟು ವರ್ಷ ನಾವು ಜಗಳವಿಲ್ಲದೆ ಬಾಳಿದ್ದರ ಗುಟ್ಟು ಆ ಬಸ್ಸಿನಲ್ಲಿತ್ತು ಎಂಬುದು ನನಗೆ ತಿಳಿದದ್ದು ಅವರು ನಿವೃತ್ತರಾದ ಮೇಲೆ. ಮೊದಲ ವಾರವೇ ನನ್ನ ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ಎತ್ತರದ ಪ್ರಕಾರ ನಿಲ್ಲಿಸಿ, ಚೀಟಿ ಅಂಟಿಸಿದರು. ಸಾಸಿವೆ ಹುಡುಕುವಷ್ಟರಲ್ಲಿ ಎಣ್ಣೆ ಹೊತ್ತಿತು. ನಾನು ಚೀಟಿಗಳನ್ನು ಕಿತ್ತೆ. ಅವರು ಹೋಗಿ ಸೋಫಾದ ಮೇಲೆ ಕುಳಿತರು. ಕುಳಿತವರು ಏಳಲೇ ಇಲ್ಲ. ಒಂದು ತಿಂಗಳು, ಎರಡು ತಿಂಗಳು. ಟಿವಿ ಹಾಕಿದರೆ ನೋಡುವರು, ಆರಿಸಿದರೂ ಅದನ್ನೇ ನೋಡುವರು. ಅವರು ಅಡಿಗೆಮನೆಯಲ್ಲಿದ್ದಾಗ ನಾನು ಬೈದದ್ದೇ ಚೆನ್ನಾಗಿತ್ತು ಎನ್ನಿಸಿ ನನಗೆ ಹೆದರಿಕೆಯಾಯಿತು.

ಒಂದು ದಿನ ಕಲ್ಯಾಣಕ್ಕೆ ಯಾವುದೋ ಮದುವೆಗೆ ಹೋದವರು ಬರುವಾಗ ಲೋಕಲ್ ರೈಲಿನಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಬಂದರು. ಅದರಲ್ಲಿ ಹನ್ನೊಂದು ಕೇಸರಿ ಮೀನು. ಕೊಳಕ್ಕೆ ಬಿಟ್ಟರು. ಅವತ್ತಿನಿಂದ ಸೋಫಾ ಖಾಲಿಯಾಯಿತು. ಬೆಳಿಗ್ಗೆ ಆರೂವರೆಗೆ ಮೀನಿನ ಕಾಳು ಹಿಡಿದು ಕೆಳಗೆ ಇಳಿದರೆ ಎಂಟಕ್ಕೆ ಮೇಲೆ ಬರುವರು. ಚಹಾ ಕುಡಿಯುತ್ತಾ ವರದಿ ಕೊಡುವರು. ಹರಿದ ಬಾಲದ್ದು ಇವತ್ತು ಚುರುಕಾಗಿದೆ, ಬಿಳಿ ಮಚ್ಚೆಯದು ಕಾಳಿಗೆ ಲೋಕಲ್ ಹತ್ತುವವರ ಹಾಗೆ ನುಗ್ಗುತ್ತದೆ, ಒಂದು ಮಾತ್ರ ಮೂಲೆಯಲ್ಲಿ ಸಿಟ್ಟು ಮಾಡಿಕೊಂಡು ನಿಂತಿರುತ್ತದೆ. ಆ ಕೊನೆಯದಕ್ಕೆ ಹೆಸರಿಡದಿದ್ದರೂ ಅದು ಯಾರೆಂದು ನನಗೆ ಗೊತ್ತಾಗುತ್ತಿತ್ತು. ನಾನು ರೊಟ್ಟಿ ಬಡಿಯುತ್ತಾ, “ಲಗೂ ಹೇಳಿ ಮುಗಸ್ರಿ, ಒಲಿ ಮ್ಯಾಲ ಐತಿ,” ಎನ್ನುತ್ತಿದ್ದೆ. ಅವರು ಮುಗಿಸುತ್ತಿರಲಿಲ್ಲ. ಕೊನೆಯಲ್ಲಿ ಹಳೆಯ ಕೆಲಸದ ಚಾಳಿಯಂತೆ, “ಒಟ್ಟ ಹನ್ನೊಂದೂ ಅದಾವ,” ಎಂದು ಹೇಳಿಯೇ ಲೋಟ ಕೆಳಗಿಡುತ್ತಿದ್ದರು.

ಹೀಗಿರುವಾಗ ಸೊಸೈಟಿಯ ಸೆಕ್ರೆಟರಿಗೆ ಒಂದು ಯೋಚನೆ ಹೊಳೆಯಿತು. ಅವರು ನಮ್ಮ ಕೆಳಗಿನ ಮಾಳಿಗೆಯ ಮರಾಠಿ ಗೃಹಸ್ಥರು, ಒಳ್ಳೆಯವರೇ, ಆದರೆ ಖಾಲಿ ಜಾಗ ಕಂಡರೆ ಅಲ್ಲಿ ಕಾರು ನಿಲ್ಲಿಸಬೇಕು ಎನ್ನಿಸುವ ಜಾತಿ. ಕೊಳಕ್ಕೆ ಮಣ್ಣು ತುಂಬಿದರೆ ಎರಡು ಕಾರು ನಿಲ್ಲುತ್ತವೆ ಎಂದು ಮಾರ್ಚಿನ ಮೀಟಿಂಗಿನಲ್ಲಿ ಹೇಳಿದರು. ನೀರು ಕೊಳೆತಿದೆ, ಸೊಳ್ಳೆ ಆಗುತ್ತವೆ, ಅದರಲ್ಲಿ ಮೀನು ಇವೆ ಎನ್ನುತ್ತಾರೆ, ಕಂಡವರು ಯಾರು ಎಂದೂ ಕೇಳಿದರು. ಎಲ್ಲರೂ ನಕ್ಕರು. ಯಜಮಾನರು ತಲೆ ತಗ್ಗಿಸಿ ತಮ್ಮ ಚಪ್ಪಲಿ ನೋಡಿಕೊಂಡರು. ಸೋಫಾದ ಮೇಲೆ ಕುಳಿತಾಗ ಇದ್ದ ಅದೇ ಮುಖ. ಎದ್ದು ನಿಂತು ನನ್ನ ಮುರುಕು ಮರಾಠಿಯಲ್ಲಿ ಹೇಳಿಬಿಟ್ಟೆ: ಸೆಪ್ಟೆಂಬರಿನ ದೊಡ್ಡ ಮೀಟಿಂಗಿನ ಹೊತ್ತಿಗೆ ತಳದ ಕಮಲ ತೋರಿಸುತ್ತೇನೆ, ತೋರಿಸದಿದ್ದರೆ ಮಣ್ಣಿನ ಮೊದಲ ಬುಟ್ಟಿ ನಾನೇ ಸುರಿಯುತ್ತೇನೆ. ಸೆಕ್ರೆಟರಿ ಅದನ್ನು ಅಲ್ಲೇ ಬರೆದುಕೊಂಡರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮನೆಗೆ ಬಂದ ಮೇಲೆ, ನೀರು ತಿಳಿ ಮಾಡುವುದು ಹೇಗೆಂದು ನನಗೆ ಗೊತ್ತೇ ಇಲ್ಲ ಎಂಬುದು ನೆನಪಾಯಿತು. ಔಷಧಿ ಹಾಕಿದರೆ ಮೀನು ಸಾಯುತ್ತವೆ. ನೀರು ಬದಲಿಸೋಣವೆಂದರೆ ಟ್ಯಾಂಕರ್ ನೀರು ನಮಗೇ ಸಾಲದು. ಸೀವುಡ್ಸ್‌ನಲ್ಲಿರುವ ಮಗಳಿಗೆ ಫೋನ್ ಮಾಡಿದೆ. ಇಲ್ಲೇ ಹುಟ್ಟಿ ಬೆಳೆದವಳು, ನನ್ನ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಅವಳು ಹುಡುಕಿ ಹೇಳಿದ್ದು ಬಾರ್ಲಿ ಹುಲ್ಲು. ಕಾಳು ಬಡಿದ ಮೇಲೆ ಉಳಿಯುವ ಒಣ ಹುಲ್ಲನ್ನು ಕೊಳದಲ್ಲಿ ಇಟ್ಟರೆ ಅದು ಮೆಲ್ಲಗೆ ಕೊಳೆಯುತ್ತಾ ನೀರಿಗೆ ಏನನ್ನೋ ಬಿಡುತ್ತದಂತೆ. ಇದ್ದ ಪಾಚಿಯನ್ನು ಅದು ಕೊಲ್ಲುವುದಿಲ್ಲ, ಹೊಸದು ಬೆಳೆಯಲು ಬಿಡುವುದಿಲ್ಲ. ಹಾಗಾಗಿ ತಾಳ್ಮೆ ಬೇಕಂತೆ. ಆ ಕೊನೆಯ ಮಾತು ನನಗೆ ಹಿಡಿಸಲಿಲ್ಲ, ಉಳಿದದ್ದು ಹಿಡಿಸಿತು.

ಹುಲ್ಲು ಎಂದ ಕೂಡಲೇ ನನಗೆ ಧೈರ್ಯ ಬಂತು. ವಿಜಯಪುರದ ಕಡೆ ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳಿಗೆ ಹುಲ್ಲು ಹೊಸದೇ? ಬಾರ್ಲಿ ಮಾತ್ರ ನಮ್ಮಲ್ಲಿ ಬೆಳೆಯುವುದಿಲ್ಲ, ಜ್ವರ ಬಂದವರಿಗೆ ಕುದಿಸಿ ಕೊಡುವ ನೀರಿನಲ್ಲಿ ಅದನ್ನು ನೋಡಿದ್ದೆ ಅಷ್ಟೆ. ನಮ್ಮ ಗೇಟಿನೆದುರಿನ ಕಿರಾಣಿಯವರು ರಾಜಸ್ಥಾನದವರು. ಅವರ ಊರಲ್ಲಿ ಅದು ರಾಶಿರಾಶಿ. ವಾಶಿ ಮಾರ್ಕೆಟ್ಟಿಗೆ ಬರುವ ತಮ್ಮ ಊರಿನ ಲಾರಿಯಲ್ಲಿ ಎರಡು ಚೀಲ ತರಿಸಿಕೊಟ್ಟರು. ಸೊಸೈಟಿಯಲ್ಲಿ ಎಮ್ಮೆ ಕಟ್ಟುತ್ತೀರಾ ಎಂದು ಮೂರು ಸಲ ಕೇಳಿದರು. ಬಂಗಾರದ ಬಣ್ಣದ ಹುಲ್ಲು. ಚೀಲ ಬಿಚ್ಚಿ ಮೂಸಿದಾಗ ತವರುಮನೆಯ ಹಿತ್ತಲಿನ ವಾಸನೆ ಬಂದು ನನಗೆ ಸುಮ್ಮನೆ ನಗು ಬಂತು.

ಕಟ್ಟುವ ಕೆಲಸಕ್ಕೆ ನಮ್ಮ ವಾಚ್‌ಮನ್ ಇದ್ದ. ಕಲಬುರಗಿ ಕಡೆಯವನು, ಐವತ್ತು ದಾಟಿದವನು, ಊರಲ್ಲಿ ಬಣವೆ ಒಟ್ಟುವುದರಲ್ಲಿ ಹೆಸರು ಮಾಡಿದವನು. ಮಳೆ ಹುಯ್ದರೂ ಒಳಗಿನ ಮೇವು ಒಣಗಿಯೇ ಇರುವಂತೆ ಹುಲ್ಲನ್ನು ಬಿಗಿದು ಒಟ್ಟುವುದು ಒಂದು ವಿದ್ಯೆ. ಇಲ್ಲಿಗೆ ಬಂದು ಹತ್ತು ವರ್ಷದಿಂದ ಅವನ ಕೈಗೆ ಆ ಕೆಲಸ ಸಿಕ್ಕಿರಲಿಲ್ಲ. ಹುಲ್ಲು ಕಂಡದ್ದೇ ಲಾಠಿ ಗೋಡೆಗೆ ಒರಗಿಸಿ ಪಂಚೆ ಮೇಲೆ ಕಟ್ಟಿದ. ಒಂದೊಂದು ಪದರಕ್ಕೂ ಮೊಣಕಾಲು ಊರಿ, ಹಗ್ಗ ಎಳೆದು ಬಿಗಿದ. ನಾನು ಎದುರು ನಿಂತು, ಇನ್ನೂ ಬಿಗಿ, ಇನ್ನೂ ಬಿಗಿ ಎಂದು ಹುರಿದುಂಬಿಸಿದೆ. ಮುಗಿದಾಗ ಅದು ಲೋಡಿನ ದಿಂಬಿನ ಹಾಗೆ ಗಟ್ಟಿಯಾಗಿ, ನುಣ್ಣಗೆ, ನೋಡಲು ಬಲು ಚೆಂದವಾಗಿತ್ತು. ಅವನು ಅದರ ಮೇಲೆ ಕೈಯಾಡಿಸಿ ಹೇಳಿದ, “ನೋಡ್ರಿ ಅವ್ವಾರ, ಒಂದ್ ಹನಿ ನೀರ ಒಳಗ ಹೋದ್ರ ನನ್ನ ಹೆಸರ ತಗದ ಬ್ಯಾರೆ ಇಡ್ರಿ.”

ನೀರಿಗೆ ಹಾಕುವ ವಸ್ತುವಿನೊಳಗೆ ನೀರು ಹೋಗಬೇಕಲ್ಲವೇ ಎಂದು ಆಗ ನನಗೆ ಹೊಳೆಯಲಿಲ್ಲ. ಯಜಮಾನರಿಗೆ ಹೊಳೆದಿತ್ತು. ಮಗಳು ಕಳಿಸಿದ್ದ ಧ್ವನಿಸಂದೇಶವನ್ನು ಮೊಬೈಲಿನಲ್ಲಿ ಮತ್ತೊಮ್ಮೆ ಹಾಕಿ ನನ್ನ ಕಿವಿಗೆ ಹಿಡಿದರು. “ಮಮ್ಮಿ, ಢೀಲಾ ರಖನಾ ಹೈ, ಟೈಟ್ ನಹೀಂ,” ಎಂದಿತ್ತು ಅದು. ಸಡಿಲಾಗಿ ಇಡಬೇಕಂತಲ್ಲ ಎಂದು ಅವರು ಮೆತ್ತಗೆ ಅಂದರು. ಹದಿನಾಲ್ಕನೆಯ ಮಾಳಿಗೆಯಲ್ಲಿ ಕೂತ ಹುಡುಗಿ ನನಗೆ ಹುಲ್ಲು ಕಟ್ಟುವುದನ್ನು ಕಲಿಸುತ್ತಾಳೆಯೇ ಎಂದು ನಾನು ಕೇಳಿದೆ. ಸಡಿಲ ಬಿಟ್ಟರೆ ಹುಲ್ಲು ಚೆಲ್ಲಾಪಿಲ್ಲಿಯಾಗಿ ಸೆಕ್ರೆಟರಿಗೆ ಮತ್ತೊಂದು ಮಾತು ಸಿಗುತ್ತದೆ ಎಂದೂ ಹೇಳಿದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕಟ್ಟನ್ನು ಕೊಳದ ನಡುವೆ ತೇಲಬಿಟ್ಟು, ನಾನು ಹೇಳುವ ತನಕ ಇದನ್ನು ಯಾರೂ ಮುಟ್ಟಕೂಡದು ಎಂದು ಅಪ್ಪಣೆ ಕೊಟ್ಟೆ. ಹೇಳುವಾಗ ಯಜಮಾನರನ್ನೇ ನೋಡಿದೆ.

ಆಮೇಲೆ ಕಾಯುವ ಕೆಲಸ. ಏಪ್ರಿಲ್ ಕಳೆಯಿತು, ಮೇ ಬಂತು. ನೀರು ಹಸಿರಿನಿಂದ ಇನ್ನೂ ಹಸಿರಿಗೆ ತಿರುಗಿತು. ನನ್ನ ಕಟ್ಟು ಮಾತ್ರ ದಿಮ್ಮಿಯಂತೆ ಜಂಬದಿಂದ ತೇಲುತ್ತಿತ್ತು. ಎಲ್ಲಿಂದಲೋ ಒಂದು ಕೊಕ್ಕರೆ ಬಂದು ಅದರ ಮೇಲೆ ನಿಲ್ಲತೊಡಗಿತು. ಮಧ್ಯಾಹ್ನ ಬಟ್ಟೆ ಒಣಹಾಕುವಾಗ ಗ್ಯಾಲರಿಯಿಂದ ಕಾಣುತ್ತಿತ್ತು. ಒಂಟಿ ಕಾಲಲ್ಲಿ, ಕಣ್ಣು ಅರೆಮುಚ್ಚಿ, ನನ್ನ ಹುಲ್ಲಿಗಾಗಿ ತಪಸ್ಸು ಮಾಡುವಂತೆ. ಪಕ್ಷಿ ಬಂದಿದೆ ಎಂದರೆ ನೀರು ಸುಧಾರಿಸುತ್ತಿದೆ ಎಂದರ್ಥ ಎಂದು ನಾನು ಅಕ್ಕಪಕ್ಕದವರಿಗೆಲ್ಲ ವಿವರಿಸಿದೆ. ಫೋಟೋ ತೆಗೆದು ಸೊಸೈಟಿಯ ಗ್ರೂಪಿಗೂ ಹಾಕಿದೆ. ಸೆಕ್ರೆಟರಿ ಕೈ ಮುಗಿಯುವ ಚಿತ್ರ ಕಳಿಸಿದರು.

ಅದೇ ದಿನಗಳಲ್ಲಿ ಯಜಮಾನರಿಗೆ ಒಂದು ವಿಚಿತ್ರ ಅಭ್ಯಾಸ ಹತ್ತಿತು. ಮೀನಿಗೆ ಕಾಳು ಹಾಕಲು ಹೋಗುವಾಗ ಛತ್ರಿ ಒಯ್ಯುವರು. ಆಕಾಶದಲ್ಲಿ ಮೋಡದ ತುಣುಕಿಲ್ಲ, ಬಿಸಿಲೂ ಇನ್ನೂ ಏರಿಲ್ಲ, ಇವರ ಕೈಯಲ್ಲಿ ಕರಿ ಛತ್ರಿ. ಮಧ್ಯಾಹ್ನ ಊಟವಾದ ಮೇಲೂ ಒಮ್ಮೊಮ್ಮೆ ಛತ್ರಿ ಹಿಡಿದು ಇಳಿಯತೊಡಗಿದರು. ಸಾಹೇಬರು ಕೊಳದ ದಂಡೆಯಲ್ಲಿ ಛತ್ರಿ ಬಿಚ್ಚುತ್ತಾರೆ, ಮುಚ್ಚುತ್ತಾರೆ ಎಂದು ವಾಚ್‌ಮನ್ ಬಂದು ಹೇಳಿ ನಕ್ಕ. ಮಳೆ ಮಹಾಪೆಯಿಂದ ಹೊರಟಿದೆಯೇನು ಎಂದು ನಾನೂ ಅವರನ್ನು ಚುಡಾಯಿಸಿದೆ. ಅವರು ನಕ್ಕರು. ವರದಿ ಮಾತ್ರ ತಪ್ಪಲಿಲ್ಲ. ಹರಿದ ಬಾಲದ್ದು ಹೀಗೆ, ಬಿಳಿ ಮಚ್ಚೆಯದು ಹಾಗೆ, ಸಿಟ್ಟಿನದು ಇವತ್ತು ಸ್ವಲ್ಪ ಮೆತ್ತಗಾಗಿದೆ, ಒಟ್ಟು ಹನ್ನೊಂದೂ ಇವೆ. ಆ ಹಸಿರು ಗಂಜಿಯಲ್ಲಿ ಇವರಿಗೆ ಮೀನು ಹೇಗೆ ಕಾಣುತ್ತವೆ ಎಂದು ನಾನು ಕೇಳಲಿಲ್ಲ. ನನಗೆ ಒಲೆಯ ಮೇಲೆ ಇರುತ್ತಿತ್ತಲ್ಲ.

ಜೂನಿನ ಮೊದಲ ಮಳೆ ಬಿದ್ದ ಮೇಲೆ ನನ್ನ ತಾಳ್ಮೆ ಮುಗಿಯಿತು. ಕಟ್ಟನ್ನು ದಂಡೆಗೆ ಎಳೆಸಿ, ಕುಡುಗೋಲಿನಿಂದ ಹಗ್ಗ ಕೊಯ್ಯಿಸಿದೆ. ಹೊರಗಿನ ಎರಡು ಬೆರಳು ದಪ್ಪದ ಪದರ ಕಪ್ಪಾಗಿ ಕೊಳೆತಿತ್ತು. ಅದರ ಒಳಗೆ ಹುಲ್ಲು ಬಂಗಾರದ ಬಣ್ಣದಲ್ಲಿ, ಬೆಚ್ಚಗೆ, ಲಾರಿಯಿಂದ ಇಳಿದ ದಿನದ ಹಾಗೆಯೇ ಇತ್ತು. ವಾಚ್‌ಮನ್ ಒಂದು ಎಳೆ ತೆಗೆದು ಮುರಿದ. ಅದು ಟಕ್ಕೆಂದಿತು. ಅವನ ಮುಖ ಅರಳಿತು. “ಹೇಳಿದ್ದಿಲ್ರೀ ಅವ್ವಾರ?” ಎಂದ. ಅವನ ವಿದ್ಯೆ ಗೆದ್ದಿತ್ತು, ನನ್ನ ಎರಡು ತಿಂಗಳು ನೀರಿನಲ್ಲಿ ಹೋಮ ಮಾಡಿದಂತಾಗಿತ್ತು. ಬೈಯಲು ಬಾಯಿ ತೆರೆದೆ, ಯಾರನ್ನು ಬೈಯಬೇಕೆಂದು ತಿಳಿಯದೆ ಮುಚ್ಚಿದೆ. ಯಜಮಾನರು ಛತ್ರಿಯ ತುದಿಯಿಂದ ನೆಲ ಕೆರೆಯುತ್ತಿದ್ದರು, ಹೇಳಿದ್ದೆನಲ್ಲ ಎಂದು ಅನ್ನಲಿಲ್ಲ.

ಎರಡನೆಯ ಚೀಲ ಇನ್ನೂ ಉಳಿದಿತ್ತು. ಈ ಸಲ ಮಗಳು ಹೇಳಿದ್ದನ್ನು ಬಾಯಿಪಾಠ ಮಾಡಿಕೊಂಡೆ. ಕಿರಾಣಿ ಅಂಗಡಿಯಿಂದ ಈರುಳ್ಳಿ ಬರುವ ಕೆಂಪು ಜಾಳಿಗೆ ಚೀಲಗಳನ್ನು ತಂದು, ಹುಲ್ಲನ್ನು ಹಿಂಜಿ ಹಿಂಜಿ ಸಡಿಲಾಗಿ ತುಂಬಬೇಕು. ತೀರಾ ಹೆಚ್ಚು ತುಂಬಿದರೆ ಅದು ಕೊಳೆಯುವಾಗ ನೀರಿನ ಉಸಿರನ್ನೆಲ್ಲ ತಾನೇ ಕುಡಿದು ಮೀನಿಗೆ ಉಳಿಸುವುದಿಲ್ಲ. ವಾಚ್‌ಮನ್‌ಗೆ ಒಂದು ಚೀಲ ಕೊಟ್ಟೆ. ಐದು ನಿಮಿಷದಲ್ಲಿ ಅದನ್ನು ಕಲ್ಲು ಮಾಡಿಟ್ಟಿದ್ದ. ಬಿಚ್ಚಿಸಿ ಮತ್ತೆ ಕೊಟ್ಟೆ, ಮತ್ತೆ ಕಲ್ಲು. ಸಡಿಲ ಕಟ್ಟಲು ತನಗೆ ಕೈ ಬರುವುದಿಲ್ಲ, ಅಪ್ಪ ನೋಡಿದ್ದರೆ ಹೊಡೆಯುತ್ತಿದ್ದ ಎಂದು ನಿಜಕ್ಕೂ ನೊಂದುಕೊಂಡ. ಕೊನೆಗೆ ಅವನಿಗೆ ಚೀಲದ ಬಾಯಿ ಹಿಡಿಯುವ ಕೆಲಸ ಕೊಟ್ಟು, ನಾನೂ ಯಜಮಾನರೂ ತಲೆದಿಂಬಿಗೆ ಅರಳೆ ತುಂಬುವಂತೆ ತುಂಬಿದೆವು. ಚೀಲಗಳಿಗೆ ಕಲ್ಲು ಕಟ್ಟಿ, ನೀರಿನ ಮೇಲ್ಮೈಯಿಂದ ಒಂದು ಗೇಣು ಕೆಳಗೆ ನಿಲ್ಲಿಸಿದೆವು. ಯಜಮಾನರು ಕೆಟ್ಟ ಕಾರಂಜಿಯನ್ನು ಮೂರು ದಿನ ಬಿಚ್ಚಿ ಜೋಡಿಸಿ ಸರಿಮಾಡಿದರು. ನಿಲ್ಲಲು ಜಾಗವಿಲ್ಲದೆ ಕೊಕ್ಕರೆ ಎರಡು ದಿನ ಕಾಂಪೌಂಡಿನ ಮೇಲೆ ಕೂತು ನೋಡಿ, ಆಮೇಲೆ ಬರುವುದನ್ನು ಬಿಟ್ಟಿತು. ನನಗೆ ಸ್ವಲ್ಪ ಬೇಜಾರಾಯಿತು.

ಜುಲೈ ಪೂರ್ತಿ ಏನೂ ಆಗಲಿಲ್ಲ. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಕೊಳದ ಮೊದಲ ಮೆಟ್ಟಿಲು ಕಂಡಿತು. ವಾರದ ನಂತರ ಎರಡನೆಯದು. ನೀರು ಹಸಿರಿನಿಂದ ಚಹಾದ ಬಣ್ಣಕ್ಕೆ, ಅಲ್ಲಿಂದ ಮೆಲ್ಲಗೆ ಗಾಜಿನ ಕಡೆಗೆ ಹೊರಟಿತ್ತು. ಇದು ಹುಲ್ಲಿನದಲ್ಲ, ಮಳೆಯ ಕೆಲಸ ಎಂದು ಸೆಕ್ರೆಟರಿ ಹೇಳಿದರಂತೆ. ಹೋದ ನಾಲ್ಕು ಮಳೆಗಾಲದಲ್ಲಿ ಮಳೆ ರಜೆಯಲ್ಲಿತ್ತೇ ಎಂದು ನಾನು ಹೇಳಿ ಕಳಿಸಿದೆ. ನಿಜ ಹೇಳಬೇಕೆಂದರೆ ಮಳೆಯೂ ಕಾರಂಜಿಯೂ ಕೈಜೋಡಿಸಿರಬಹುದು. ಆದರೆ ಅದನ್ನು ಅವರ ಮುಂದೆ ಒಪ್ಪುವಷ್ಟು ದೊಡ್ಡ ಮನಸ್ಸು ನನಗೆ ದೇವರು ಕೊಟ್ಟಿಲ್ಲ.

ಗಣಪತಿ ಮುಗಿದ ಮೇಲಿನ ಭಾನುವಾರ ಮೀಟಿಂಗ್ ಇತ್ತು. ಶುರುವಾಗುವ ಮೊದಲು ಎಲ್ಲರನ್ನೂ ಕೊಳದ ದಂಡೆಗೆ ಕರೆದೊಯ್ದೆ. ಬೆಳಗಿನ ಬಿಸಿಲು ನೇರ ತಳಕ್ಕೆ ಇಳಿದಿತ್ತು. ನೀಲಿ ಕಮಲ, ಎಂಟು ದಳವೂ ಎಣಿಸುವಂತೆ ಕಾಣುತ್ತಿತ್ತು. ಅದರ ಸುತ್ತ ಮೂರು ಕ್ರಿಕೆಟ್ ಚೆಂಡು, ಒಂದು ಸ್ಟೀಲಿನ ಚಮಚ, ಒಂದು ಒಂಟಿ ಚಪ್ಪಲಿ. ಜನ ಚಪ್ಪಾಳೆ ತಟ್ಟಿದರು. ಸೆಕ್ರೆಟರಿ ಬಗ್ಗಿ ಬಹಳ ಹೊತ್ತು ನೋಡಿ, ನೀವು ಆಡಿದ ಮಾತಿಗೆ ತಪ್ಪುವವರಲ್ಲ, ಪಾರ್ಕಿಂಗಿನ ವಿಷಯ ಕೈಬಿಟ್ಟಿದ್ದೇನೆ ಎಂದರು. ನಾನು ನೆಲದ ಮೇಲೆ ನಿಂತಿರಲಿಲ್ಲ. ಆಗ ಅವರು ಬೆರಳು ಮಾಡಿ ಎಣಿಸಿದರು. “ದೋನ್,” ಎಂದರು. ಎರಡೇ ಮೀನು. ಒಂದು ಬಿಳಿ ಮಚ್ಚೆಯದು, ಇನ್ನೊಂದು ಮೂಲೆಯಲ್ಲಿ ಒಂಟಿಯಾಗಿ ನಿಂತದ್ದು. ಅಡಗಿಕೊಳ್ಳಲು ಆ ನೀರಿನಲ್ಲಿ ಇನ್ನು ಜಾಗವೇ ಇರಲಿಲ್ಲ. ಉಳಿದವು ಎಲ್ಲಿ ಎಂದು ಯಾರೋ ಕೇಳಿದರು. ಬೇಸಿಗೆಯ ಸೆಕೆಗೆ ಹೋದವು ಎಂದು ಯಜಮಾನರು ಮರಾಠಿಯಲ್ಲಿ ಹೇಳಿ, ಬೇರೆ ಕಡೆ ನೋಡಿದರು.

ಅದೇ ಬೆಳಿಗ್ಗೆ ಚಹಾ ಕುಡಿಯುತ್ತಾ ಹನ್ನೊಂದೂ ಇವೆ ಎಂದಿದ್ದರು. ಮೂವತ್ತೊಂದು ವರ್ಷ ಒಂದು ನಟ್ಟು ಬೋಲ್ಟಿನ ಲೆಕ್ಕವನ್ನೂ ಇದ್ದದ್ದು ಇದ್ದಂತೆ ಹೇಳಿದ ಮನುಷ್ಯ. ಮನೆಗೆ ಬಂದು ಬಾಗಿಲು ಹಾಕಿ ಕೇಳಿದೆ.

ಮೂಲೆಯಲ್ಲಿದ್ದ ಛತ್ರಿಯನ್ನು ನೋಡುತ್ತಾ ಹೇಳಿದರು. ಆ ಕೊಕ್ಕರೆ. ಹಸಿರು ನೀರಿನಲ್ಲಿ ಉಸಿರು ಸಾಲದೆ ಮೀನುಗಳು ಬಾಯಿ ತೆರೆದು ಮೇಲೆ ಬರುತ್ತಿದ್ದವು. ಕೊಳದ ನಡುವೆ ನಾನು ಅದಕ್ಕೆ ಗಟ್ಟಿಯಾದ ಆಸನ ಹಾಕಿಸಿಕೊಟ್ಟಿದ್ದೆ. ಅದು ನಿಂತಲ್ಲಿಂದಲೇ ಬಗ್ಗಿ ಎತ್ತಿಕೊಳ್ಳುತ್ತಿತ್ತು. ಇವರು ಛತ್ರಿ ಬಿಚ್ಚಿ ಮುಚ್ಚಿ ಓಡಿಸುವರು, ಇವರು ಊಟಕ್ಕೆ ಬಂದರೆ ಅದು ಊಟಕ್ಕೆ ಬರುವುದು. ಜೂನಿನ ಹೊತ್ತಿಗೆ ಯಾವುದೂ ಉಳಿದಿಲ್ಲ ಎಂದೇ ಅವರು ಅಂದುಕೊಂಡಿದ್ದರಂತೆ. ಆಮೇಲಿನ ತಿಂಗಳುಗಳಲ್ಲಿ ನೀರು ತಿಳಿಯಾಗುತ್ತಾ ಬಂದಂತೆ ಎರಡು ಕಂಡವಂತೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಬೇಲಿ ಹಾಕಿಸಿದವಳು ನಾನು. ಅದರ ಫೋಟೋ ತೆಗೆದು ಗ್ರೂಪಿಗೆ ಹಾಕಿದವಳೂ ನಾನೇ.

“ಹೇಳಬೇಕಿತ್ತಲ್ರೀ,” ಎಂದೆ.

“ಹೇಳಿದ್ರ ನೀ ಹುಲ್ಲ ಕಿತ್ತ ಒಗದು ಕೈ ಚೆಲ್ಲಿ ಕೂಡತಿದ್ದಿ,” ಎಂದರು. “ಅಷ್ಟ ಮಂದಿ ಮುಂದ ನನ್ನ ಸಲುವಾಗಿ ಎದ್ದ ನಿಂತಾಕಿ. ಸೋತಿ ಅಂತ ನಾ ಹೆಂಗ ಹೇಳ್ಲಿ?”

ನನಗೆ ನಾಚಿಕೆಯಾಯಿತು, ದುಃಖವಾಯಿತು, ಎಲ್ಲಕ್ಕಿಂತ ಹೆಚ್ಚಾಗಿ ಆ ಮನುಷ್ಯನ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಬಂತು. ಅದನ್ನು ಹೇಳುವ ರೂಢಿ ನಮ್ಮಲ್ಲಿಲ್ಲ, ಹಾಗಾಗಿ ಇಲ್ಲಿ ಬರೆದಿದ್ದೇನೆ. ಸತ್ತ ಮೀನುಗಳಿಗೆ ದಿನವೂ ಹೊಸ ಸುದ್ದಿ ಹುಟ್ಟಿಸಿ ತಂದು ಕೊಡುತ್ತಿದ್ದರು. ನಾನು ಅದನ್ನೂ ಲಗೂ ಮುಗಿಸಿ ಎನ್ನುತ್ತಿದ್ದೆ.

ಮರುದಿನ ಎಂಟಕ್ಕೆ ಮೇಲೆ ಬಂದರು. ಛತ್ರಿ ಒಯ್ದಿರಲಿಲ್ಲ. ಚಹಾ ಕೊಟ್ಟೆ. ಲೋಟ ಹಿಡಿದು ಕುಳಿತರು. ಇವತ್ತಿನ ಸುದ್ದಿ ಏನು ಎಂದು ನಾನೇ ಕೇಳಿದೆ.

“ಎರಡ ಅದಾವ,” ಎಂದರು. “ಏನ ಹೇಳೂದು ಅದರಾಗ?”

ನಾನು ಒಲೆ ಆರಿಸಿ, ಹಿಟ್ಟಿನ ಕೈ ಒರೆಸಿಕೊಂಡು ಅವರೆದುರು ಕುಳಿತೆ.

“ಎರಡರದೂ ಹೇಳ್ರಿ,” ಎಂದೆ. “ಒಲಿ ಮ್ಯಾಲ ಏನೂ ಇಲ್ಲ.”